ಮನೆಗೆಲಸದ ನಡುವೆ ಒಂದು ಅವರೆ ಹೂವು

ಅದು ಮಾಗಿ ಚಳಿಯ ಒಂದು ಸಂಜೆ. ತಾಳವಾಡಿ ಬಯಲಿನ ಕಾಡಂಚಿನ ಹಳ್ಳಿಯೊಂದರಲ್ಲಿ ಹಾಸಿಗೆ ಹಿಡಿದಿದ್ದ ವೃದ್ಧ ತಾಯಿಯೊಬ್ಬರಿಗೆ ಪರಮಪ್ರಸಾದ ನೀಡಲು ಹೋಗಿದ್ದೆ. ಹೊತ್ತು ಮುಳುಗುವ ಮೊದಲೇ ಹಿಂದಿರುಗಬೇಕೆಂದುಕೊಂಡಿದ್ದರೂ ಅದೂ ಇದೂ ಕೆಲಸದಿಂದ ತಡವಾಗಿತ್ತು. ಆ ಮನೆಯ ಸೊಸೆ, ಐವತ್ತರ ಆಸುಪಾಸಿನ ಹೆಣ್ಣುಮಗಳು, ಹಾಲು ಕರೆದು ಕೊಟ್ಟಿಗೆಯಿಂದ ಆಗಷ್ಟೇ ಬಂದಿದ್ದರು. ಕೈಕಾಲು ತೊಳೆದು, ತಲೆಯ ಮೇಲೆ ಸೆರಗೆಳೆದುಕೊಂಡು, ಅತ್ತೆಯ ಹಾಸಿಗೆಯ ಪಕ್ಕದಲ್ಲಿ ಮೇಣದ ಬತ್ತಿ ಹಚ್ಚಿದರು. ನಾವು ಮೂವರೂ ಸೇರಿ ಪ್ರಾರ್ಥಿಸಿದೆವು.

ಪ್ರಾರ್ಥನೆ ಮುಗಿದ ಮೇಲೆ ಅವರು ಕಾಫಿ ಕಾಯಿಸಲು ಒಳಗೆ ಹೋದರು. ನಾನು ಸುತ್ತ ನೋಡಿದೆ. ಒಂದು ಮೂಲೆಯಲ್ಲಿ ತೊಳೆಯಬೇಕಾದ ಪಾತ್ರೆಗಳ ರಾಶಿ. ಹಗ್ಗದ ಮೇಲೆ ಒಣಗಿದ ಬಟ್ಟೆಗಳು. ಮೊರದಲ್ಲಿ ಅರ್ಧ ಹಸನು ಮಾಡಿದ ರಾಗಿ. ಇಷ್ಟೆಲ್ಲದರ ನಡುವೆ ಕಿಟಕಿಯ ಬಳಿ ಒಂದು ಹೊಲಿಗೆ ಮಿಷನ್. ಅದರ ಮೇಲೆ ರಿಂಗಿಗೆ ಬಿಗಿದ ಬಿಳಿ ಬಟ್ಟೆ. ಬಟ್ಟೆಯಲ್ಲಿ ಅರ್ಧ ಅರಳಿದ ನೇರಳೆ ಬಣ್ಣದ ಹೂವು.

ಕಾಫಿ ತಂದಾಗ ನಾನು ನಗುತ್ತಲೇ ಕೇಳಿದೆ: “ಇಷ್ಟು ಕೆಲಸದ ಮಧ್ಯೆ ಇದೂ ಬೇಕೇನಮ್ಮಾ? ಸ್ವಲ್ಪ ಹೊತ್ತು ರೆಸ್ಟ್ ತಗೊಳ್ಳಬಾರದೇ?”

“ಇದೇ ನನ್ಗೆ ರೆಸ್ಟು ಸ್ವಾಮಿ” ಎಂದರು ಆ ತಾಯಿ. “ಮಿಕ್ಕಿದ್ ಕೆಲ್ಸವೆಲ್ಲ ಮಾಡ್ತಾ ಮಾಡ್ತಾನೇ ಕರಗೋಯ್ತದೆ. ಬೆಳಗಿದ ಪಾತ್ರೆ ಮತ್ತೆ ಮುಸುರೆ ಆಯ್ತದೆ. ಗುಡಿಸಿದ ಮನೆ ಸಾಯಂಕಾಲಕ್ಕೆ ಮತ್ತೆ ಕಸ. ಇದೊಂದೇ ನೋಡಿ, ನೆನ್ನೆ ಮಾಡಿದ್ದು ಇವತ್ತೂ ಅಲ್ಲೇ ಇರ್ತದೆ.”

ಪ್ರಿಯ ಓದುಗರೇ, ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಈ ಲೇಖನ ಬರೆಯಲು ಅದೇ ಕಾರಣ.

ಅವರ ರಾತ್ರಿ

ನಮ್ಮ ಕಡೆಯ ಪರಿಸ್ಥಿತಿ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಮನೆಯ ಮಾತು ಕನ್ನಡ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರ ಅದಕ್ಕಿಂತ ಹತ್ತಿರ. ಕಸೂತಿ ದಾರ ಬೇಕಾದರೂ ಅಲ್ಲಿಗೇ ಹೋಗುತ್ತಾರೆ. ಸುತ್ತಲ ಕಾಡು 2013ರಲ್ಲಿ ಹುಲಿ ರಕ್ಷಿತ ಪ್ರದೇಶವಾಯಿತು. ಬಾಳೆ, ಕಬ್ಬು, ಮುಸುಕಿನ ಜೋಳ ಬೆಳೆದವರ ಮನೆಯಲ್ಲಿ ಒಬ್ಬರಾದರೂ ರಾತ್ರಿ ಆನೆ ಕಾಯಲು ಹೊಲಕ್ಕೆ ಹೋಗಲೇಬೇಕು.

ಈ ತಾಯಿಯ ಮಗ ಪ್ರತಿ ರಾತ್ರಿ ಹೊಲದ ಅಟ್ಟಣೆಯ ಮೇಲೆ. ಗಂಡನಿಗೆ ಕಾಲು ನೋವು. ಅತ್ತೆಗೆ ಪಾರ್ಶ್ವವಾಯುವಾಗಿ ಮಗ್ಗುಲು ಬದಲಾಯಿಸಲೂ ಆಗದು. ಅಂಥವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲಿಗೆ ಹೊರಳಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ರಾತ್ರಿ ಒಂದು ಗಂಟೆಯವರೆಗೆ ಸೊಸೆಯ ಪಾಳಿ, ಅನಂತರ ಮಗನ ಪಾಳಿ ಎಂದು ಗಂಡ ಹೆಂಡತಿ ಹಂಚಿಕೊಂಡಿದ್ದರು. ಒಂದು ಸಲ ಹೊರಳಿಸಿದ ಮೇಲೆ ಮುಂದಿನ ಸಲದವರೆಗೆ ಸಿಗುವ ಬಿಡುವಿನಲ್ಲಿ ಆಕೆ ಮಿಷನ್ ಮುಂದೆ ಕೂರುತ್ತಿದ್ದರು.

“ಕೈ ಸುಮ್ಕಿದ್ರೆ ಮನಸು ಹೊಲಕ್ಕೇ ಓಯ್ತದೆ ಸ್ವಾಮಿ. ನಾಯಿ ಬೊಗಳಿದ್ರೆ ಎದೆ ಝಲ್ ಅಂತದೆ. ಸೂಜಿ ಮುಂದೆ ಕೂತ್ರೆ ಕಣ್ಣು ಸೂಜಿ ಮೇಲೇ ಇರ್ಬೇಕಲ್ಲ” ಎಂದರು. ಹಾಗಾದರೆ ಮಿಷನ್ ಸದ್ದಿಗೆ ಅತ್ತೆಯ ನಿದ್ದೆ ಕೆಡುವುದಿಲ್ಲವೇ ಎಂದು ಕೇಳಿದೆ. ಹಾಸಿಗೆಯಿಂದಲೇ ಅಜ್ಜಿ ತೊದಲುತ್ತಾ ಉತ್ತರ ಕೊಟ್ಟರು: ಸದ್ದು ನಿಂತರೇ ಎಚ್ಚರವಾಗುತ್ತದಂತೆ!

ಬುಟ್ಟಿ ಸುಟ್ಟ ತಪಸ್ವಿ

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಗುರುವಾಗಿ ಎಷ್ಟೋ ಸಾವಿನ ಮನೆಗಳಿಗೆ, ರೋಗಿಗಳ ಮನೆಗಳಿಗೆ ಹೋಗಿದ್ದೇನೆ. ಹೇಳಲು ಬೇರೇನೂ ತೋಚದಿದ್ದಾಗ, “ಏನಾದರೂ ಕೆಲಸದಲ್ಲಿ ಮನಸ್ಸು ತೊಡಗಿಸಿಕೊಳ್ಳಿ, ಎಲ್ಲಾ ಸರಿಹೋಗುತ್ತದೆ” ಎಂದು ಹೇಳಿ ಬಂದದ್ದುಂಟು. ಅದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿ ಇರುತ್ತಿದ್ದದ್ದು ಗುರುಮಠದಲ್ಲಿ ಓದಿದ ಒಂದು ಕಥೆ.

ಐದನೆಯ ಶತಮಾನದಲ್ಲಿ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಬಗ್ಗೆ ಬರೆದ ಗ್ರಂಥದಲ್ಲಿ ಪೌಲ ಎಂಬ ತಪಸ್ವಿಯ ಸಂಗತಿ ಬರುತ್ತದೆ. ಆತ ವಾಸವಿದ್ದ ಜಾಗದಿಂದ ಪಟ್ಟಣಕ್ಕೆ ಏಳು ದಿನಗಳ ದಾರಿ. ಖರ್ಜೂರದ ಮರ ಮತ್ತು ಪುಟ್ಟ ಕೈತೋಟ ಆತನ ಹೊಟ್ಟೆಗೆ ಸಾಕಾಗಿತ್ತು. ಕೈಕೆಲಸ ಮಾಡಿ ಮಾರೋಣವೆಂದರೆ ಸಾಗಿಸುವ ಕೂಲಿಯೇ ಬರುವ ಬೆಲೆಗಿಂತ ಹೆಚ್ಚು. ಆದರೂ ಆತ ಹೊಟ್ಟೆಪಾಡಿಗೆ ದುಡಿಯುವವನಂತೆ ದಿನವೂ ತಾಳೆಗರಿ ಕೂಡಿಸಿ ಹೆಣೆಯುತ್ತಿದ್ದ. ವರ್ಷ ತುಂಬುವಷ್ಟರಲ್ಲಿ ಗುಹೆ ಭರ್ತಿಯಾಗುತ್ತಿತ್ತು. ಆಗ ಎಲ್ಲವನ್ನೂ ಸುಟ್ಟು, ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದ. ಕೈಕೆಲಸವಿಲ್ಲದೆ ಮನಸ್ಸು ಒಂದೆಡೆ ನಿಲ್ಲುವುದಿಲ್ಲ ಎಂಬುದು ಅದರ ಪಾಠ. ಯುವಕನಾಗಿದ್ದಾಗ ಈ ಕಥೆ ನನಗೆ ಬಹಳ ಹಿಡಿಸಿತ್ತು.

ಆ ಸಂಜೆ ಕಾಫಿ ಕುಡಿಯುತ್ತಾ ಈ ಕಥೆಯನ್ನು ಆ ತಾಯಿಗೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಯೋಚಿಸಿ, “ಸುಡೋದ್ಯಾಕೆ ಸ್ವಾಮಿ? ದಾರೀಲಿ ಹೋಗೋರ್ಗೆ ಕೊಡ್ಬಾರ್ದಿತ್ತಾ?” ಎಂದರು. ಆಮೇಲೆ ಒಲೆಯ ಕಡೆ ಕೈ ತೋರಿಸಿ, “ನಾವು ದಿನಾ ಸುಡೋ ಬುಟ್ಟಿ ಅಲ್ಲೇ ಅದೆಯಲ್ಲ” ಎಂದು ನಕ್ಕರು.

ನನಗೆ ಮಾತೇ ಹೊರಡಲಿಲ್ಲ. ಮುದ್ದೆ ಕಟ್ಟುವುದು, ಸಾರು ಕಾಯಿಸುವುದು, ಸಗಣಿ ಬಾಚುವುದು, ಬಟ್ಟೆ ಒಗೆಯುವುದು – ಇವೆಲ್ಲ ಪ್ರತಿದಿನ ಹೆಣೆದು ಪ್ರತಿದಿನ ಸುಡುವ ಬುಟ್ಟಿಗಳಲ್ಲದೆ ಮತ್ತೇನು? ಆ ತಪಸ್ವಿ ವರ್ಷಕ್ಕೊಮ್ಮೆ ಮಾಡಿದ್ದನ್ನು ನಮ್ಮ ಮನೆಯ ತಾಯಂದಿರು ದಿನಕ್ಕೆ ಮೂರು ಹೊತ್ತು ಮಾಡುತ್ತಾರೆ. ಅಂಥವರಿಗೆ ‘ಬ್ಯುಸಿಯಾಗಿರಿ’ ಎಂದು ಬುದ್ಧಿ ಹೇಳುವ ಅಗತ್ಯವೇ ಇಲ್ಲ. ಅವರಿಗೆ ಬೇಕಾಗಿರುವುದು ಕರಗದೆ ಉಳಿಯುವ ಒಂದು ಕೆಲಸ, ಅದಕ್ಕೆಂದು ದಿನದಲ್ಲಿ ಒಂದಿಷ್ಟು ಸಮಯ.

ಲೆಕ್ಕಕ್ಕೆ ಬಾರದ ಗಂಟೆಗಳು

ಇದು ಕೇವಲ ಭಾವನೆಯ ಮಾತಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ 2024ರಲ್ಲಿ ದೇಶದಾದ್ಯಂತ ಜನರು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟಿದ್ದರು. ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇದು 299 ಮತ್ತು 97 ಆಗಿತ್ತು. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು ಎಂದು ಸಂತೋಷಪಡುವಷ್ಟರಲ್ಲಿ, ಗಂಡಸರೂ ಒಂಬತ್ತು ನಿಮಿಷ ಹಿಂದೆ ಸರಿದಿರುವುದು ಕಣ್ಣಿಗೆ ಬೀಳುತ್ತದೆ!

ಆ ತಾಯಿಯ ಮನೆಯಲ್ಲಿ ಗಂಡ ರಾತ್ರಿಯ ಅರ್ಧ ಪಾಳಿ ತೆಗೆದುಕೊಂಡಿದ್ದರಲ್ಲವೇ? ಕುಂಟುತ್ತಲೇ ಬೆಳಗಿನ ಕೊಟ್ಟಿಗೆ ಕೆಲಸವನ್ನೂ ಅವರೇ ಮಾಡುತ್ತಿದ್ದರು. ಆ ಮಿಷನ್ ಓಡುತ್ತಿದ್ದದ್ದು ಬರೀ ಕರೆಂಟಿನಿಂದಲ್ಲ, ಗಂಡ ಕೊಟ್ಟ ಆ ಬಿಡುವಿನಿಂದಲೂ ಹೌದು.

ಯಂತ್ರ ಬಂದ ಹಾದಿ

ಕಸೂತಿ ಮೊದಲು ಕೈಯ ಕೆಲಸ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಓದುಗರಿಗೆ ಇದನ್ನು ಹೇಳಬೇಕಾಗಿಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ, ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ಆನೆ, ನವಿಲು, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ನೀಲಗಿರಿಯವರು ತೋಡರ ಹೆಂಗಸರು ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರದಿಂದ ಮಾಡುವ ಕೆಲಸವನ್ನು ನೋಡಿಯೇ ಇರುತ್ತಾರೆ. ಇವು ಯಂತ್ರದಿಂದ ಬರುವಂಥವಲ್ಲ.

ಯಂತ್ರಕಸೂತಿಯ ಕಥೆ ಬೇರೆ. 1828ರ ಸುಮಾರಿಗೆ ಫ್ರಾನ್ಸಿನಲ್ಲಿ ಜೋಸುಯೆ ಹೈಲ್ಮನ್ ಎಂಬಾತ, ಒಬ್ಬ ಕೆಲಸಗಾರ ದೊಡ್ಡ ಚಿತ್ರದ ಗೆರೆಯನ್ನು ಹಿಂಬಾಲಿಸಿದರೆ ಹಲವಾರು ಸೂಜಿಗಳು ಒಟ್ಟಿಗೆ ಅದೇ ಚಿತ್ರವನ್ನು ಸಣ್ಣದಾಗಿ ಹೊಲಿಯುವ ಯಂತ್ರ ಮಾಡಿದ. 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ‘ಶಿಫ್ಲಿ’ ಯಂತ್ರವನ್ನು ರೂಪಿಸಿದ. ಶಿಫ್ಲಿ ಎಂದರೆ ಅವರ ಆಡುಮಾತಿನಲ್ಲಿ ಪುಟ್ಟ ದೋಣಿ. ಅದರ ಲಾಳಿ ದೋಣಿಯ ಆಕಾರದಲ್ಲಿತ್ತು. ಇವೆಲ್ಲ ಕಾರ್ಖಾನೆಯ ಯಂತ್ರಗಳು. ಮನೆಯ ಹೊಲಿಗೆ ಯಂತ್ರದ ಕಥೆ 1851ರಲ್ಲಿ ಅಮೆರಿಕದ ಐಸಾಕ್ ಸಿಂಗರ್ ಪಡೆದ ಪೇಟೆಂಟಿನ ನಂತರ ವೇಗ ಪಡೆಯಿತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ತಯಾರಾಗತೊಡಗಿದ ‘ಉಷಾ’ ನಮ್ಮ ಹಳ್ಳಿಗಳವರೆಗೂ ಬಂತು. ಯಂತ್ರಗಳ ಮೋಹವನ್ನು ಕಟುವಾಗಿ ಟೀಕಿಸುತ್ತಿದ್ದ ಗಾಂಧೀಜಿಯವರು ಕೂಡ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಕೈಯಲ್ಲಿ ಹೊಲಿದು ದಣಿಯುವ ಹೆಂಡತಿಯ ಮೇಲಿನ ಪ್ರೀತಿಯಿಂದ ಅದು ಹುಟ್ಟಿತೆಂಬುದು ಅವರ ನಂಬಿಕೆಯಾಗಿತ್ತು.

ನನ್ನ ತಾಯಿಯ ಬಳಿಯೂ ಕಾಲಿನಿಂದ ತುಳಿಯುವ ಒಂದು ಮಿಷನ್ ಇತ್ತು. ಅದರ ಕೆಳಗೆ ಕುಳಿತು ಚಕ್ರ ತಿರುಗುವುದನ್ನು ನೋಡುತ್ತಾ ನಾನು ಬೆಳೆದೆ. ಎಣ್ಣೆ ಬಿಡುವ ಕೆಲಸ ನನ್ನದು. ನಾನು ಗುರುಮಠಕ್ಕೆ ಹೊರಟಾಗ, ಒಗೆಯಲು ಹಾಕಿದ ಬಟ್ಟೆಗಳು ಬೆರೆಯಬಾರದೆಂದು ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟಿದ್ದರು. ನನ್ನದು 47. ಅಮ್ಮ ನನ್ನ ಅಂಗಿ, ಪಂಚೆ, ಟವೆಲುಗಳಿಗೆಲ್ಲ ಕೆಂಪು ದಾರದಿಂದ ಆ ನಂಬರ್ ಹೊಲಿದರು. ಪ್ರತಿ ನಂಬರಿನ ಪಕ್ಕ ಯಾರೂ ಹೇಳದಿದ್ದರೂ ಒಂದು ಸಣ್ಣ ಎಲೆ. ಅಮ್ಮ ಇಂದು ನಮ್ಮೊಂದಿಗಿಲ್ಲ. ಅವರ ಕೈಯ ಅಡುಗೆಯ ರುಚಿ ನೆನಪಷ್ಟೇ. ಆದರೆ ಒಂದು ಹಳೆಯ ಟವೆಲಿನ ತುದಿಯಲ್ಲಿ 47 ಮತ್ತು ಆ ಎಲೆ ಈಗಲೂ ಇವೆ.

ರಿಂಗು, ಸೂಜಿ, ದಾರ

ಕಲಿಯಬೇಕೆಂಬ ಆಸೆ ಇರುವವರಿಗಾಗಿ ಆ ತಾಯಿಯಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಅವರು ಸಿಸ್ಟರುಗಳು ನಡೆಸಿದ ಹೊಲಿಗೆ ತರಗತಿಯಲ್ಲಿ ಕಲಿತವರು. ನರ್ಸ್ ಆಗಿರುವ ಮಗಳು ತನ್ನ ಸಂಬಳದಲ್ಲಿ ಉಳಿಸಿ ಸೆಕೆಂಡ್‌ಹ್ಯಾಂಡ್ ಜಿಗ್‌ಜ್ಯಾಗ್ ಮಿಷನ್ ಕೊಡಿಸಿದ್ದಳು. ಇಂಥ ಮಿಷನ್‌ನಲ್ಲಿ ಮೊಣಕಾಲಿನಿಂದ ಒಂದು ಹಿಡಿಯನ್ನು ಒತ್ತಿದಂತೆ ಹೊಲಿಗೆ ಅಗಲವಾಗುತ್ತದೆ, ಬಿಟ್ಟಂತೆ ಸಣ್ಣದಾಗುತ್ತದೆ. ಹೂವಿನ ಎಸಳು ನಡುವೆ ದಪ್ಪ, ತುದಿಯಲ್ಲಿ ಚೂಪಾಗಿ ಬರುವುದು ಹೀಗೆಯೇ. ಸಾಧಾರಣ ನೇರ ಹೊಲಿಗೆಯ ಮಿಷನ್‌ನಲ್ಲಿಯೂ ರಿಂಗನ್ನು ಆಡಿಸಿ ಕಸೂತಿ ಮಾಡಬಹುದು. ಸಮಯ ಹೆಚ್ಚು ಹಿಡಿಯುತ್ತದೆ.

ಮೊದಲಿಗೆ ಹತ್ತಿಯ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಬೇಕು. ಇಲ್ಲದಿದ್ದರೆ ಕಸೂತಿಯಾದ ಮೇಲೆ ಒಗೆದಾಗ ಬಟ್ಟೆ ಕುಗ್ಗಿ ಹೂವೆಲ್ಲ ಮುದುಡುತ್ತದೆ. ಬಣ್ಣದ ದಾರವನ್ನು ಒದ್ದೆ ಮಾಡಿ ಬಿಳಿ ಚಿಂದಿಯ ನಡುವೆ ಒತ್ತಿ, ಬಣ್ಣ ಬಿಡುವುದೋ ಇಲ್ಲವೋ ನೋಡಿಕೊಳ್ಳಬೇಕು. ಚಿತ್ರವನ್ನು ಬಟರ್ ಪೇಪರಿನ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿಯನ್ನು ಹತ್ತಿಯ ಉಂಡೆಯಿಂದ ಸವರಿದರೆ ಚಿತ್ರ ಬಟ್ಟೆಗೆ ಇಳಿಯುತ್ತದೆ. ಇದನ್ನು ಒಲೆ, ದೀಪಗಳಿಂದ ದೂರವಿಟ್ಟು ಮಾಡಬೇಕು. ಚುಚ್ಚಿದ ಪೇಪರನ್ನು ಜೋಪಾನವಾಗಿಟ್ಟರೆ ಎಷ್ಟೋ ಸಲ ಬಳಸಬಹುದು.

ರಿಂಗ್ ಹಾಕುವುದರಲ್ಲಿ ಹೊಸಬರು ತಪ್ಪುತ್ತಾರೆ. ಕೈಕಸೂತಿಯಲ್ಲಿ ಬಟ್ಟೆ ರಿಂಗಿನ ಮೇಲ್ಭಾಗದಲ್ಲಿರುತ್ತದೆ. ಮಿಷನ್‌ನಲ್ಲಿ ಅದು ಕೆಳಭಾಗದಲ್ಲಿ, ಮಿಷನ್‌ನ ಹಲಗೆಗೆ ಅಂಟಿಕೊಂಡಂತಿರಬೇಕು. ಆದ್ದರಿಂದ ದೊಡ್ಡ ರಿಂಗನ್ನು ಕೆಳಗಿಟ್ಟು, ಮೇಲೆ ಬಟ್ಟೆ ಹಾಸಿ, ಸಣ್ಣ ರಿಂಗನ್ನು ಒಳಗೆ ಒತ್ತಬೇಕು. ಬಟ್ಟೆ ತಮಟೆಯಂತೆ ಬಿಗಿಯಾಗಿರಲಿ. ತೆಳು ಬಟ್ಟೆಯಾದರೆ ಅಡಿಗೆ ಒಂದು ಕಾಗದವಿಟ್ಟು ಹೊಲಿದು, ಕೊನೆಗೆ ಹರಿದು ತೆಗೆಯಬಹುದು.

ಅನಂತರ ಸೂಜಿಯ ಪಕ್ಕದ ಪಾದವನ್ನು ತೆಗೆದು, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಬೇಕು. ಈಗ ಬಟ್ಟೆಯನ್ನು ನಡೆಸುವುದು ನಿಮ್ಮ ಎರಡು ಕೈಗಳೇ. ಮೇಲಿನ ದಾರ ಸ್ವಲ್ಪ ಸಡಿಲವಿದ್ದರೆ ಬಾಬಿನ್ನಿನ ದಾರ ಮೇಲೆ ಇಣುಕುವುದಿಲ್ಲ. ಬೆರಳುಗಳು ರಿಂಗಿನ ಅಂಚಿನ ಮೇಲಿರಲಿ, ಸೂಜಿಯ ಬಳಿ ಬೇಡ. ಮಕ್ಕಳು ಹತ್ತಿರವಿರುವಾಗ ಸ್ವಿಚ್ ಆರಿಸಿಯೇ ಏಳಬೇಕು. ಆಗಾಗ ತಗಡು ಬಿಚ್ಚಿ ಬಾಬಿನ್ ಸುತ್ತ ಕೂತ ನೂಲಿನ ಧೂಳನ್ನು ಬ್ರಷ್ಷಿನಿಂದ ತೆಗೆದು ಒಂದೆರಡು ಹನಿ ಎಣ್ಣೆ ಬಿಡಬೇಕು. ಎಣ್ಣೆ ಬಿಟ್ಟ ಮೇಲೆ ಮೊದಲು ಚಿಂದಿ ಬಟ್ಟೆಯ ಮೇಲೆ ಓಡಿಸಬೇಕು.

ಈಗ ಕಂಪ್ಯೂಟರ್ ಕಸೂತಿ ಮಿಷನ್‌ಗಳೂ ಬಂದಿವೆ. ಚಿತ್ರ ಅದರ ನೆನಪಿನಲ್ಲಿರುತ್ತದೆ. ಬಣ್ಣ ಬದಲಿಸಬೇಕಾದಾಗ ತಾನೇ ನಿಲ್ಲುತ್ತದೆ. ವ್ಯಾಪಾರಕ್ಕೆ ಅದು ಅನುಕೂಲ, ಬೆಲೆ ಮಾತ್ರ ಹೆಚ್ಚು. ಮನೆಯಲ್ಲಿ ಕಲಿಯುವವರಿಗೆ ಸಾಲ ಮಾಡಿ ಅದನ್ನು ಕೊಳ್ಳುವ ಅವಸರ ಬೇಡ. ಮನೆಯ ಸಾಮಾನ್ಯ ಮಿಷನ್‌ನ ಮೋಟಾರು ಸುಮಾರು 100 ವ್ಯಾಟ್‌ನದು. ಹತ್ತು ಗಂಟೆ ಓಡಿದರೆ ಒಂದು ಯೂನಿಟ್. ಕರೆಂಟ್ ಖರ್ಚಿನ ಭಯ ಬೇಕಿಲ್ಲ.

ಕೂಲಿ ಮತ್ತು ಕಣ್ಣು

ದುಡ್ಡಿಗಾಗಿ ಮಾಡುವವರಿಗೆ ಒಂದು ಎಚ್ಚರಿಕೆ. ಆ ತಾಯಿ ಮೊದಲಲ್ಲಿ ಪೇಟೆಯ ಅಂಗಡಿಯೊಂದಕ್ಕೆ ಬ್ಲೌಸಿನ ತೋಳುಗಳಿಗೆ ಹೂವು ಹಾಕಿಕೊಟ್ಟರು. ದಾರವನ್ನೂ ಅವರೇ ತಂದಿದ್ದರು. ಹಬ್ಬ ಕಳೆದು ತಿಂಗಳಾದ ಮೇಲೆ ಬಂದ ಹಣ ದಾರ ಮತ್ತು ಬಸ್ ಚಾರ್ಜಿಗೆ ಸರಿಹೋಯಿತು. ಅಂದಿನಿಂದ ಅವರು ಒಂದು ನೋಟ್‌ಬುಕ್ ಇಟ್ಟರು. ಎಷ್ಟು ಗಂಟೆ ಕುಳಿತೆ, ದಾರಕ್ಕೆಷ್ಟು, ಬಸ್ಸಿಗೆಷ್ಟು, ಯಾವಾಗ ಕೊಟ್ಟೆ, ಯಾವಾಗ ಹಣ ಬಂತು ಎಂದು ಬರೆದಿಡುತ್ತಾರೆ. ತನ್ನ ಗಂಟೆಗೆ ಹೊಲದ ಕೂಲಿಯಷ್ಟಾದರೂ ಬೀಳದ ಕೆಲಸವನ್ನು ಒಪ್ಪುವುದಿಲ್ಲ. ಸಹೋದರಿಯರೇ, ಮನೆಯಲ್ಲೇ ಕುಳಿತು ಮಾಡುವ ಕೆಲಸವೆಂದು ನಿಮ್ಮ ಸಮಯವನ್ನು ನೀವೇ ಅಗ್ಗ ಮಾಡಬೇಡಿ.

ದೇಹದ ಕಡೆಗೂ ಗಮನವಿರಲಿ. ಅರ್ಧ ಗಂಟೆಗೊಮ್ಮೆ ಎದ್ದು, ಬೆನ್ನು ನೆಟ್ಟಗೆ ಮಾಡಿ, ದೂರದ ಮರವನ್ನೋ ಗುಡ್ಡವನ್ನೋ ನೋಡಿ ಕಣ್ಣಿಗೆ ಬಿಡುವು ಕೊಡಬೇಕು. ಈ ವಿಷಯದಲ್ಲಿ ಮನೆಗೆಲಸ ಸಹಾಯಕ್ಕೆ ಬರುತ್ತದೆ ಎಂದು ಆ ತಾಯಿ ಹೇಳುತ್ತಿದ್ದರು. ಅಕ್ಕಿ ಒಲೆಯ ಮೇಲಿಟ್ಟು ಎರಡು ಎಸಳು, ಬಟ್ಟೆ ಒಣಹಾಕಿ ಬಂದು ಒಂದು ಎಲೆ. ಒಂದರ ದಣಿವನ್ನು ಇನ್ನೊಂದು ಆರಿಸುತ್ತದೆ.

ಅವರೆ ಹೂವು

ಆ ಸಂಜೆ ರಿಂಗಿನಲ್ಲಿದ್ದದ್ದು ಅಂಗಡಿಯ ಕೆಲಸವಲ್ಲ. ಅತ್ತೆಗಾಗಿ ಮಾಡುತ್ತಿದ್ದ ಹೊದಿಕೆಯ ಅಂಚು. ಯಾವ ಹೂವು ಹಾಕಲಿ ಎಂದು ಕೇಳಿದಾಗ ಅಜ್ಜಿ ಗುಲಾಬಿಯನ್ನಾಗಲಿ ಮಲ್ಲಿಗೆಯನ್ನಾಗಲಿ ಹೇಳಲಿಲ್ಲ. ಅವರೆ ಹೂವು ಬೇಕೆಂದರಂತೆ. ತವರಿನ ಹೊಲದಲ್ಲಿ ಮಾಗಿಯಲ್ಲಿ ಅವರೆ ಹೂಬಿಟ್ಟಾಗ ಸೊಗಡಿಗೆ ಮೈ ಮರೆಯುತ್ತಿತ್ತು ಎಂದರಂತೆ. ಅದಕ್ಕೆ ಪುಸ್ತಕದಲ್ಲಿ ಡಿಸೈನ್ ಎಲ್ಲಿ ಸಿಗಬೇಕು? ಸೊಸೆ ಹೊಲದಿಂದ ಒಂದು ಗೊಂಚಲು ತಂದು ನೋಡಿ ನೋಡಿ ಬಟರ್ ಪೇಪರಿನ ಮೇಲೆ ಬರೆದುಕೊಂಡರು. ಮೈಯಡಿಗೆ ಹಾಸುವ ಬಟ್ಟೆಗೆ ಕಸೂತಿ ಹಾಕಿದರೆ ಉಬ್ಬಿದ ದಾರ ಚರ್ಮಕ್ಕೆ ಉಜ್ಜಿ ಹುಣ್ಣಾದೀತೆಂದು, ಮೇಲೆ ಹೊದೆಯುವ ಬಟ್ಟೆಯ ಅಂಚಿಗೆ, ಕೈಗೆ ಎಟುಕುವಂತೆ ಹಾಕಿದ್ದರು. ಅಜ್ಜಿಯ ಕಣ್ಣು ಮಂಜಾಗಿತ್ತು. ಆದರೆ ಒಳ್ಳೆಯದಿದ್ದ ಎಡಗೈಯ ಬೆರಳುಗಳಿಂದ ಆ ಉಬ್ಬಿದ ಎಸಳುಗಳನ್ನು ಒಂದೊಂದಾಗಿ ಸವರುತ್ತಿದ್ದರಂತೆ.

ತಪಸ್ಸುಕಾಲದಲ್ಲಿ ಅಜ್ಜಿ ಪ್ರಭುವಿನಲ್ಲಿ ನಿದ್ರೆ ಹೋದರು. ನಾನು ಹೋದಾಗ ಅಂಗಳ ತುಂಬ ಜನ. ಊರಿನ ಹೆಂಗಸರು ಆ ಹೊದಿಕೆಯನ್ನು ತಂದು ನನ್ನ ಮುಂದೆ ಬಿಡಿಸಿ, “ನೋಡಿ ಸ್ವಾಮಿ, ಸೊಸೆ ಹಾಕ್ಕೊಟ್ಟಿದ್ದು” ಎಂದರು. ಒಂದು ಕಡೆ ಎಸಳುಗಳ ನೇರಳೆ ಬಣ್ಣ ಬೆರಳಾಡಿ ಮಾಸಿತ್ತು. ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ತಬಿಥಾ ಎಂಬ ಶಿಷ್ಯೆ ತೀರಿಕೊಂಡಾಗ, ವಿಧವೆಯರು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಪೇತ್ರನಿಗೆ ತೋರಿಸುತ್ತಾ ಅಳುತ್ತಾರಲ್ಲವೇ? ಆ ಭಾಗವನ್ನು ಎಷ್ಟೋ ಸಲ ಓದಿದ್ದೆ. ಅವರು ಬಟ್ಟೆ ಏಕೆ ತೋರಿಸಿದರೆಂಬುದು ಅಂದು ಅರ್ಥವಾಯಿತು.

ಸಮಾಧಿಯಾದ ಮೇಲೆ ಸೊಸೆಯನ್ನು ನೋಡಿದೆ. ಎರಡು ಗಂಟೆಗೊಮ್ಮೆ ಹೊರಳಿಸಬೇಕಾದ ದೇಹವಿಲ್ಲ. ಕೈ ಖಾಲಿ. ಎಂದಿನಂತೆ “ಏನಾದರೂ ಕೆಲಸದಲ್ಲಿ ಮನಸ್ಸು ತೊಡಗಿಸಿ” ಎಂಬ ಮಾತು ನನ್ನ ಬಾಯಿಗೆ ಬಂತು. ನುಂಗಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನೆ ಜೊತೆಗೆ ಕುಳಿತು ಬಂದೆ. ಕೆಲಸವು ದುಃಖವನ್ನು ಮುಚ್ಚುವ ಮುಚ್ಚಳವಾಗಬಾರದು. ಅಳಬೇಕಾದಷ್ಟು ಅತ್ತ ಮೇಲೆ ಹಿಡಿದುಕೊಂಡು ಏಳಲು ಅದೊಂದು ಊರುಗೋಲು. ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರಿಗೆ, ಬದುಕೇ ಬೇಡವೆನ್ನುವವರಿಗೆ ಕಸೂತಿಯ ಸಲಹೆ ಸಾಲದು. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಲೇಬೇಕು.

ಸುಮಾರು ಒಂದೂವರೆ ತಿಂಗಳು ಆ ಮಿಷನ್ ಮೇಲೆ ಬಟ್ಟೆ ಮುಚ್ಚಿಯೇ ಇತ್ತು ಎಂದು ಆಕೆಯ ಗಂಡ ಹೇಳಿದರು. ಪಾಸ್ಕ ಕಳೆದ ಮೇಲೆ ಒಂದು ರಾತ್ರಿ, ಮಗ ಹೊಲಕ್ಕೆ ಹೋದ ನಂತರ, ಅದರ ಸದ್ದು ಮತ್ತೆ ಕೇಳಿಸಿತಂತೆ. “ಎದ್ದು ನೋಡ್ದೆ ಸ್ವಾಮಿ, ಕೂತಿದ್ಲು. ನಾನೇನೂ ಕೇಳ್ನಿಲ್ಲ. ಹೋಗಿ ಒಂದು ಲೋಟ ಕಾಫಿ ಕಾಯಿಸ್ಕೊಂಡು ಬಂದು ಪಕ್ಕದಲ್ಲಿಟ್ಟೆ” ಎಂದರು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ದಿನವೂ ಕರಗಿಹೋಗುವ ಕೆಲಸದಲ್ಲಿ ಮುಳುಗಿರುವ ಒಬ್ಬರು ಇರಬಹುದು. ಅವರ ಕೈಯಲ್ಲಿ ಉಳಿಯುವಂಥ ಒಂದು ಕೆಲಸವಿದೆಯೇ? ಅದು ಕಸೂತಿಯೇ ಆಗಬೇಕೆಂದಿಲ್ಲ. ಬುಟ್ಟಿಯಾಗಲಿ, ಕೈತೋಟವಾಗಲಿ, ಕೌದಿಯಾಗಲಿ. ಇಲ್ಲವಾದರೆ ಏಕಿಲ್ಲವೆಂದು ಕೇಳಿ ನೋಡಿ. ಬಹುಪಾಲು ಸಿಗುವ ಉತ್ತರ, “ಹೊತ್ತೆಲ್ಲಿ?” ಎಂಬುದೇ. ಆ ಹೊತ್ತನ್ನು ಕೊಡುವುದು ಮಿಕ್ಕವರ ಕೈಯಲ್ಲಿದೆ. ಈ ವಾರ ಒಂದು ಸಂಜೆ ಪಾತ್ರೆಗಳನ್ನು ನೀವು ಬೆಳಗಿರಿ. ಆ ಒಂದು ಗಂಟೆಯಲ್ಲಿ ಯಾವ ಹೂವು ಅರಳುತ್ತದೋ ನೋಡೋಣ.